ಹೊಳೆಗೆ ಬಿದ್ದ ಬಾವಿಗಳು

ಉಡುಪಿಯಿಂದ ಕುಂದಾಪುರದ ಕಡೆ ಹೊರಟರೆ ಸಂತೆಕಟ್ಟೆ ದಾಟಿದ ಮೇಲೆ ಸ್ವರ್ಣಾ ಹೊಳೆ ಸಿಗುತ್ತದೆ. ಸೇತುವೆ ಮೇಲಿಂದ ಪಶ್ಚಿಮಕ್ಕೆ ನೋಡಿದರೆ ನೀರಿನ ನಡುವೆ ತೆಂಗಿನ ತೋಟ ತೇಲಿದ ಹಾಗೆ ಕಾಣುತ್ತದೆ. ಅವೇ ಕುದ್ರುಗಳು. ಮುಂದೆ ಹೊಳೆ ಅಗಲವಾಗುತ್ತಾ ಹೋಗಿ, ಸೀತಾ ಹೊಳೆಯ ಜೊತೆ ಕೂಡಿ, ಕೋಡಿ ಬೆಂಗ್ರೆಯ ಹತ್ತಿರ ಸಮುದ್ರ ಸೇರುತ್ತದೆ. ಭರತ ಬಂದಾಗ ಉಪ್ಪು ನೀರು ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಮಳೆಗಾಲದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಮಾರ್ಚ್ ಕಳೆದು ಹೊಳೆ ಸೊರಗಿತು ಅಂದರೆ ದಡದ ಬಾವಿಗಳ ನೀರು ಒಂದೊಂದಾಗಿ ಸಪ್ಪೆಯಿಂದ ಉಪ್ಪಿಗೆ ತಿರುಗುತ್ತದೆ.

ಯಾವ ಬಾವಿ ಯಾವ ತಿಂಗಳಲ್ಲಿ ಕೈಕೊಡುತ್ತದೆ ಎಂಬುದನ್ನು ಒಂದು ನಕ್ಷೆಯಲ್ಲಿ ಹಾಕಿಕೊಡಿ ಅಂತ ಕಲ್ಯಾಣಪುರದ ಆಸುಪಾಸಿನ ಒಂದು ಗ್ರಾಮದ ಯುವಕರು ನನ್ನನ್ನು ಕೇಳಿದರು. ಬೇಸಿಗೆಗೆ ಮುಂಚೆ ಪಂಚಾಯ್ತಿಗೆ ತೋರಿಸಬೇಕಿತ್ತು. ನಾನು ನಕ್ಷೆ ಮಾಡಿಯೇ ಹೊಟ್ಟೆ ಹೊರೆಯುವವನು. ಮೂರು ದಿನದ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು. ಆ ಮೂರು ವಾರ ಎಲ್ಲಿಗೆ ಹೋಯಿತು ಎಂಬುದೇ ಈ ಪ್ರಕರಣ.

ಕೈಗೆ ಬಂದ ಸಾಮಾನು ನಾಲ್ಕು ಬಗೆಯದು. ಕಾಲೇಜು ಮಕ್ಕಳು ಮನೆಮನೆ ಸುತ್ತಿ ಫೋನಿನ ಜಿಪಿಎಸ್‌ನಲ್ಲಿ ಹಿಡಿದ 64 ಬಾವಿಗಳ ಪಟ್ಟಿ, ಸಿಎಸ್‌ವಿ ಎಂಬ ಸಾದಾ ಕೋಷ್ಟಕದ ಫೈಲಿನಲ್ಲಿ. ಒಬ್ಬ ಖಾಸಗಿ ಸರ್ವೆಯರ್ ಬೇರೆ ಯಾವುದೋ ಕೆಲಸಕ್ಕೆ ಅಳೆದಿದ್ದ ಹೊಳೆ ದಡ, ಕಟ್ಟ, ಗದ್ದೆಗಳ ಡಿಎಕ್ಸ್‌ಎಫ್ ಡ್ರಾಯಿಂಗ್. ನಿವೃತ್ತ ಮೇಷ್ಟರೊಬ್ಬರ ಮನೆಯ ಅಟ್ಟದಲ್ಲಿದ್ದ ಹಳೆಯ ಟೋಪೋಶೀಟಿನ, ಅಂದರೆ ಸರ್ಕಾರಿ ಸರ್ವೆಯ ಅಚ್ಚು ನಕ್ಷೆಯ, ಸ್ಕ್ಯಾನ್. ಹಿನ್ನೆಲೆಗೆ ಇಂಟರ್ನೆಟ್‌ನಿಂದ ಬರುವ ಉಪಗ್ರಹ ಚಿತ್ರ. ಎಲ್ಲವನ್ನೂ ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ಸಾಫ್ಟ್‌ವೇರಿಗೆ ಎಳೆದು ಹಾಕಿದರೆ ಒಂದರ ಮೇಲೊಂದು ಕೂರಬೇಕಲ್ವಾ? ಒಂದೂ ಕೂರಲಿಲ್ಲ.

ಮೊದಲು ಬಾವಿಗಳು. ನನ್ನ ಜೊತೆ ಕೆಲಸ ಕಲಿಯುತ್ತಿದ್ದ ಹುಡುಗ ಸಿಎಸ್‌ವಿ ತೆರೆದ, ಎಕ್ಸ್ ಅಂದಲ್ಲಿ ಮೊದಲ ಕಾಲಂ, ವೈ ಅಂದಲ್ಲಿ ಎರಡನೆಯದು ಕೊಟ್ಟ, ಓಕೆ ಒತ್ತಿದ. ಬಾವಿಗಳು ನಾರ್ವೆಗಿಂತ ಮೇಲೆ, ಸ್ವಾಲ್ಬಾರ್ಡ್ ಕಡೆಯ ಮಂಜಿನ ಸಮುದ್ರದಲ್ಲಿ ಕಂಡವು. ನಾವೆಲ್ಲ ಬಾಯಲ್ಲಿ ಹೇಳುವುದು ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಫೋನಿನ ಮ್ಯಾಪ್ ಕೂಡ ಹಾಗೇ ಕೊಡುತ್ತದೆ. ಸಾಫ್ಟ್‌ವೇರಿಗೆ ಬೇಕಾದ ಎಕ್ಸ್ ಅಂದರೆ ಅಡ್ಡಕ್ಕೆ, ಅಂದರೆ ರೇಖಾಂಶ. ನಮ್ಮ ಕಡೆ ಅದು 74 ಮುಕ್ಕಾಲರ ಆಸುಪಾಸು. ಅಕ್ಷಾಂಶ 13 ಚಿಲ್ಲರೆ. ಇವೆರಡನ್ನು ಬಾಯಿಪಾಠ ಮಾಡಿಕೊಂಡರೆ ಅದಲು ಬದಲಾದದ್ದು ಕಣ್ಣಿಗೇ ಹೊಡೆಯುತ್ತದೆ.

ಅದಲು ಬದಲು ಸರಿ ಮಾಡಿದ ಮೇಲೂ 11 ಬಾವಿ ಹಟ ಹಿಡಿದವು. ಕಾಪುವಿನ ದೀಪಸ್ತಂಭದಿಂದ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ, ದಡದಿಂದ ಸುಮಾರು 30 ಕಿಲೋಮೀಟರ್ ಒಳಗೆ, ಬೋಟಿನವರು ಬಲೆ ಬೀಸುವ ಜಾಗದಲ್ಲಿ ಅವು ನಿಂತಿದ್ದವು. ಇದಕ್ಕೆ ಅರ್ಧ ದಿನ ತಲೆ ಕೆರೆದುಕೊಂಡೆ. ಆ ಹನ್ನೊಂದನ್ನೂ ಒಬ್ಬಳೇ ವಿದ್ಯಾರ್ಥಿನಿ ಬರೆದಿದ್ದಳು. ಅವಳ ಫೋನಿನ ಆ್ಯಪ್ 13 ಡಿಗ್ರಿ 23.4 ಮಿನಿಟ್ ಅಂತ ತೋರಿಸಿದೆ. ಅವಳು 13.234 ಅಂತ ಬರೆದಿದ್ದಾಳೆ. ಒಂದು ಡಿಗ್ರಿಗೆ 60 ಮಿನಿಟ್, 100 ಅಲ್ಲ. 23.4ನ್ನು 60ರಿಂದ ಭಾಗಿಸಿದರೆ 0.39. ಹಾಗಾಗಿ ನಿಜವಾದ ಸಂಖ್ಯೆ 13.39. ಒಂದು ಚುಕ್ಕಿ ಇಟ್ಟ ಜಾಗದಿಂದ ಬಾವಿ 17 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿತ್ತು. ರೇಖಾಂಶದಲ್ಲೂ ಅದೇ ಆಗಿ ಸಮುದ್ರ ಸೇರಿತ್ತು. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಗಂಟೆ ಮಿನಿಟಿನಲ್ಲಿ ನಾವೂ ಇದೇ ಮಾಡುತ್ತೇವೆ. ಒಂದೂವರೆ ಗಂಟೆಯನ್ನು 1.30 ಅಂತ ಬರೆಯುವುದಿಲ್ಲವೇ?

ಇನ್ನೊಂದು ಸಣ್ಣ ವಿಷಯ. ಪಟ್ಟಿಯ ಕೆಲವು ಸಾಲುಗಳಲ್ಲಿ ದಶಾಂಶದ ಚುಕ್ಕಿಯ ನಂತರ ಎರಡೇ ಅಂಕಿ ಉಳಿದಿತ್ತು. ಎರಡು ಅಂಕಿ ಅಂದರೆ ಸುಮಾರು 1.1 ಕಿಲೋಮೀಟರ್‌ನ ಅಂದಾಜು. ಅದು ಬಾವಿ ಅಲ್ಲ, ವಾರ್ಡು. ನಾಲ್ಕು ಅಂಕಿ ಇದ್ದರೆ 11 ಮೀಟರ್, ಐದು ಇದ್ದರೆ ಒಂದು ಮೀಟರ್‌ನ ಹತ್ತಿರ. ಆ ಮನೆಗಳಿಗೆ ಮಕ್ಕಳನ್ನು ಮತ್ತೆ ಓಡಿಸಿದೆವು.

ಆಮೇಲೆ ಸರ್ವೆಯರ್ ಕೊಟ್ಟ ಡ್ರಾಯಿಂಗ್. ಅದರೊಳಗಿನ ಸಂಖ್ಯೆಗಳು ಡಿಗ್ರಿಯಲ್ಲಿ ಇರಲಿಲ್ಲ. 4,71,000ದ ಮೇಲೆ ಚಿಲ್ಲರೆ, 14,80,000ದ ಮೇಲೆ ಚಿಲ್ಲರೆ. ಕರಾವಳಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ನೋಡಿದ ಕೂಡಲೇ ಗುರುತು ಸಿಗುತ್ತದೆ. ಇದು ಯುಟಿಎಂ, ಭೂಮಿಯನ್ನು ಉದ್ದುದ್ದ ವಲಯಗಳಾಗಿ ಸೀಳಿ ಮೀಟರಿನಲ್ಲಿ ಅಳೆಯುವ ಪದ್ಧತಿ. 43ನೇ ವಲಯ, ಉತ್ತರ. ಸಾಫ್ಟ್‌ವೇರಿನ ಭಾಷೆಯಲ್ಲಿ ಇಪಿಎಸ್‌ಜಿ 32643. ಇಂಥ ಒಂದೊಂದು ಪದ್ಧತಿಗೂ ಒಂದೊಂದು ಇಪಿಎಸ್‌ಜಿ ನಂಬರು. ಈ ವಲಯ 72 ಡಿಗ್ರಿಯಿಂದ 78 ಡಿಗ್ರಿವರೆಗೆ. ನಡುಗೆರೆ 75 ಡಿಗ್ರಿ. ನಡುಗೆರೆಗೆ ಸುಮ್ನೆ 5,00,000 ಅಂತ ಬೆಲೆ ಕೊಟ್ಟಿರುತ್ತಾರೆ, ಪಶ್ಚಿಮಕ್ಕೆ ಹೋದರೆ ಋಣ ಸಂಖ್ಯೆ ಬರಬಾರದು ಅಂತ. ಕಲ್ಯಾಣಪುರ ಆ ಗೆರೆಯಿಂದ 28 ಕಿಲೋಮೀಟರ್ ಪಶ್ಚಿಮಕ್ಕಿದೆ. ಅದಕ್ಕೇ 4,71,000. ಇನ್ನೊಂದು ಸಂಖ್ಯೆ ಭೂಮಧ್ಯರೇಖೆಯಿಂದ ನಮ್ಮೂರಿಗೆ ಮೀಟರ್ ಲೆಕ್ಕದಲ್ಲಿ ಇರುವ ದೂರ.

ಆದರೆ ಡಿಎಕ್ಸ್‌ಎಫ್ ಫೈಲು ತಾನು ಯಾವ ಪ್ರೊಜೆಕ್ಷನ್, ಅಂದರೆ ಉರುಟು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಯಾವ ಲೆಕ್ಕ, ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಬರೀ ಗೆರೆ, ಬರೀ ಸಂಖ್ಯೆ. ನಮ್ಮ ಕ್ಯೂಜಿಐಎಸ್‌ನಲ್ಲಿ, ಗುರುತು ಇಲ್ಲದ ಲೇಯರ್ (ನಕ್ಷೆಯ ಒಂದು ಪದರ) ಬಂದರೆ ಪ್ರಾಜೆಕ್ಟಿನ ಪ್ರೊಜೆಕ್ಷನ್ನೇ ಕೊಟ್ಟುಬಿಡು ಎಂಬ ಸೆಟ್ಟಿಂಗ್ ಇತ್ತು. ಉಪಗ್ರಹ ಚಿತ್ರವನ್ನು ಮೊದಲು ಹಾಕಿದ್ದರಿಂದ ಪ್ರಾಜೆಕ್ಟ್ ವೆಬ್ ಮರ್ಕೇಟರ್ ಎಂಬ ಇಂಟರ್ನೆಟ್ ನಕ್ಷೆಗಳ ಪ್ರೊಜೆಕ್ಷನ್‌ನಲ್ಲಿತ್ತು, ಅಂದರೆ ಇಪಿಎಸ್‌ಜಿ 3857. ಹಾಗಾಗಿ ಸ್ವರ್ಣಾ ಹೊಳೆಯ ದಡ ಆಫ್ರಿಕಾದಲ್ಲಿ, ನೈಜೀರಿಯಾ ಮತ್ತು ನೈಜರ್ ಗಡಿಯ ಹತ್ತಿರ ಹೋಗಿ ಕೂತಿತು.

ಇಲ್ಲೇ ನನ್ನ ಹುಡುಗ ಈ ವಿದ್ಯೆಯ ಅತಿ ಹಳೆಯ ತಪ್ಪು ಮಾಡಿದ. ನಾನು ಊಟಕ್ಕೆ ಹೋಗಿದ್ದೆ. ಡ್ರಾಯಿಂಗ್ 32643 ಅಂತ ಹೇಳಿದ್ದೆನಲ್ಲ, ಹಾಗಾದರೆ ಬಾವಿಗಳನ್ನೂ 32643 ಮಾಡಿದರೆ ಎರಡೂ ಕೂಡುತ್ತವೆ ಅಂತ ಅವನ ಲೆಕ್ಕ. ಬಾವಿ ಲೇಯರಿನ ಮೇಲೆ ರೈಟ್ ಕ್ಲಿಕ್, ಸೆಟ್ ಸಿಆರ್‌ಎಸ್, 32643. ವಾಪಸ್ ಬಂದಾಗ 64 ಬಾವಿಗಳೂ ಒಂದೇ ಚುಕ್ಕಿಯಾಗಿ ಮಾಲ್ದೀವ್ಸ್‌ನ ಪಶ್ಚಿಮಕ್ಕೆ, ಭೂಮಧ್ಯರೇಖೆಯ ಮೇಲೆ ಇದ್ದವು. ‘ಸರ್, ಸಾಫ್ಟ್‌ವೇರ್ ಹಾಳಾಗಿದೆ’ ಅಂದ.

ಸಾಫ್ಟ್‌ವೇರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. 74.73 ಡಿಗ್ರಿ ಎಂಬ ಸಂಖ್ಯೆಯನ್ನು ಮುಟ್ಟದೆ, ‘ಇದು ಡಿಗ್ರಿ ಅಲ್ಲ, ಮೀಟರ್’ ಅಂತ ಒಪ್ಪಿಕೊಂಡಿತ್ತು. 74 ಮೀಟರ್ ಮತ್ತು 75 ಮೀಟರ್ ನಡುವೆ ಇಡೀ ಗ್ರಾಮ ಹಿಡಿಯಿತು ಅಂದರೆ ಚುಕ್ಕಿಯಾಗದೆ ಇನ್ನೇನಾಗಬೇಕು? ಅವನಿಗೆ ಉಪ್ಪಿನಕಾಯಿ ಭರಣಿಯ ಉದಾಹರಣೆ ಕೊಟ್ಟೆ. ಭರಣಿಗೆ ಅಂಟಿಸಿದ ಚೀಟಿಯಲ್ಲಿ ‘ನಿಂಬೆ’ ಅಂತ ಬರೆದರೆ ಒಳಗಿನ ಮಾವಿನ ಮಿಡಿ ನಿಂಬೆ ಆಗುವುದಿಲ್ಲ. ಸೆಟ್ ಸಿಆರ್‌ಎಸ್ ಅಂದರೆ ಚೀಟಿ ಅಂಟಿಸುವುದು. ಚೀಟಿ ಇಲ್ಲದ ಭರಣಿಗೆ, ಅಥವಾ ತಪ್ಪು ಚೀಟಿ ಇದ್ದ ಭರಣಿಗೆ ಮಾತ್ರ ಅದು. ಒಳಗಿನ ಸಂಖ್ಯೆಗಳೇ ಬದಲಾಗಬೇಕು ಅಂದರೆ ರಿಪ್ರೊಜೆಕ್ಟ್ ಮಾಡಬೇಕು, ಅಥವಾ ಬೇರೆ ಪ್ರೊಜೆಕ್ಷನ್‌ನಲ್ಲಿ ಹೊಸ ಫೈಲಾಗಿ ಉಳಿಸಬೇಕು. ಡ್ರಾಯಿಂಗಿಗೆ ಬೇಕಿದ್ದದ್ದು ಚೀಟಿ. ಬಾವಿಗಳಿಗೆ ಬೇಕಿದ್ದದ್ದು ಮೊದಲು ಸರಿಯಾದ ಚೀಟಿ, ಅಂದರೆ ಡಿಗ್ರಿಯಲ್ಲಿ ಬರೆದ ಜಿಪಿಎಸ್ ಸಂಖ್ಯೆಗಳಿಗಿರುವ 4326, ಆಮೇಲೆ ರಿಪ್ರೊಜೆಕ್ಟ್. ಅಷ್ಟು ಮಾಡಿದ್ದೇ ತಡ, ಬಾವಿಗಳು, ದಡ, ಉಪಗ್ರಹ ಚಿತ್ರ ಮೂರೂ ಒಂದಾದವು.

ಪ್ರಾಜೆಕ್ಟನ್ನು ಮಾತ್ರ 3857ರಲ್ಲೇ ಬಿಟ್ಟಿದ್ದೆವು. ಇದು ನನ್ನ ತಪ್ಪು, ಹುಡುಗನದ್ದಲ್ಲ. ಚಿತ್ರ ಚೆನ್ನಾಗಿ ಕಾಣುತ್ತಿದೆ, ಇರಲಿ ಅಂತ ಬಿಟ್ಟೆ. ಗದ್ದೆಗಳ ಲೇಯರನ್ನೂ ಅದೇ 3857ರಲ್ಲಿ ಉಳಿಸಿ, ಉಪ್ಪು ನುಗ್ಗುವ ಗದ್ದೆ ಎಷ್ಟು ಸೆಂಟ್ಸ್ ಅಂತ ಲೆಕ್ಕ ಹಾಕಿ ಒಂದು ಹಾಳೆ ಪ್ರಿಂಟ್ ಮಾಡಿ ಕೊಟ್ಟೆ. ಮರುದಿನ ಒಬ್ಬರು ಆರ್‌ಟಿಸಿ ಹಿಡಿದುಕೊಂಡು ಬಂದರು. ಪಹಣಿಯಲ್ಲಿ 50 ಸೆಂಟ್ಸ್, ನನ್ನ ಹಾಳೆಯಲ್ಲಿ 53. ‘ಈ ಮೂರು ಸೆಂಟ್ಸ್ ಯಾರ ಹೆಸರಿನಲ್ಲಿದೆ ಮಾರಾಯ್ರೆ, ನನಗೇ ಬರೆದುಕೊಡಿ’ ಅಂದರು. ಸಂತೆಕಟ್ಟೆ ಕಡೆ ಮೂರು ಸೆಂಟ್ಸ್ ಅಂದರೆ ತಮಾಷೆ ಅಲ್ಲ.

ವೆಬ್ ಮರ್ಕೇಟರ್ ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಎಲ್ಲವನ್ನೂ ಹಿಗ್ಗಿಸುತ್ತದೆ. ಫೋನಿನಲ್ಲಿ ನಕ್ಷೆ ಸರಾಗವಾಗಿ ಜರುಗಲಿ ಅಂತ ಹುಟ್ಟಿದ್ದು ಅದು, ಗದ್ದೆ ಅಳೆಯಲು ಅಲ್ಲ. ಉಡುಪಿಯ ಅಕ್ಷಾಂಶದಲ್ಲಿ ಉದ್ದ ಸುಮಾರು ಶೇಕಡ 3 ಹಿಗ್ಗುತ್ತದೆ, ವಿಸ್ತೀರ್ಣ ಶೇಕಡ 6ರಷ್ಟು. 50 ಸೆಂಟ್ಸಿಗೆ ಮೂರು ಸೆಂಟ್ಸ್ ಬಂದದ್ದು ಅಲ್ಲಿಂದ. ಯುಟಿಎಂನಲ್ಲೂ ತಪ್ಪು ಇಲ್ಲದೇ ಇಲ್ಲ. ನಡುಗೆರೆಯ ಮೇಲೆ ಅಳತೆಯನ್ನು ಬೇಕಂತಲೇ 0.9996ಕ್ಕೆ ಕುಗ್ಗಿಸಿರುತ್ತಾರೆ. ನಾವು ಗೆರೆಯ ಪಕ್ಕದಲ್ಲೇ ಇರುವುದರಿಂದ ಒಂದು ಕಿಲೋಮೀಟರಿಗೆ ಸುಮಾರು 40 ಸೆಂಟಿಮೀಟರ್ ಕಮ್ಮಿ ಬರುತ್ತದೆ. 50 ಸೆಂಟ್ಸ್ ಗದ್ದೆಯಲ್ಲಿ ಇದು ಒಂದು ಚಾಪೆ ಹಾಸುವಷ್ಟು ಜಾಗ. ಅದಕ್ಕೆ ಯಾರೂ ಜಗಳ ಮಾಡುವುದಿಲ್ಲ.

ಕ್ಯೂಜಿಐಎಸ್‌ನಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ಡಾಲರ್ ಚಿಹ್ನೆ ಹಾಕಿ ‘ಏರಿಯಾ’ ಅಂತ ಬರೆದರೆ ಅದು ಪ್ರಾಜೆಕ್ಟಿನಲ್ಲಿ ಆರಿಸಿದ ಎಲಿಪ್ಸಾಯ್ಡ್ ಮೇಲೆ, ಅಂದರೆ ಭೂಮಿಯ ಉಬ್ಬನ್ನು ಗಣನೆಗೆ ತಂದು ಲೆಕ್ಕ ಹಾಕುತ್ತದೆ. ಡಾಲರ್ ಇಲ್ಲದ ‘ಏರಿಯಾ’ ಫಂಕ್ಷನ್ನಿಗೆ ಜಾಮೆಟ್ರಿ ಕೊಟ್ಟರೆ ಲೇಯರಿನ ಪ್ರೊಜೆಕ್ಷನ್ ಹೇಗಿದೆಯೋ ಹಾಗೇ, ಚಪ್ಪಟೆ ಕಾಗದದ ಮೇಲೆ ಲೆಕ್ಕ ಹಾಕುತ್ತದೆ. ನಾನು ಎರಡನೆಯದನ್ನು ಬಳಸಿದ್ದೆ. ಪ್ರಾಜೆಕ್ಟು, ಲೇಯರು ಎರಡನ್ನೂ 32643ಕ್ಕೆ ತಂದ ಮೇಲೆ ಆ ಪಹಣಿಗೂ ನನ್ನ ಹಾಳೆಗೂ ರಾಜಿಯಾಯಿತು. ಹೊಳೆಯಿಂದ 200 ಮೀಟರ್ ಒಳಗಿನ ಬಾವಿಗಳನ್ನು ಆರಿಸುವ ಬಫರ್ ಕೂಡ ಅಲ್ಲೇ ಮಾಡಿದೆವು. ಹಿಂದಿನ ದಿನ ಹುಡುಗ ಅದನ್ನು ಡಿಗ್ರಿ ಲೇಯರಿನ ಮೇಲೆ ಮಾಡಲು ಹೋಗಿ 200 ಅಂತ ಟೈಪ್ ಮಾಡಿದ್ದ. 200 ಡಿಗ್ರಿಯ ಬಫರ್. ಇಡೀ ಪ್ರಪಂಚ ನೀಲಿಯಾಗಿತ್ತು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ ತಟ್ಟುವ ಒಂದು ತೊಂದರೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾವಿ ಲೇಯರನ್ನು ಶೇಪ್‌ಫೈಲ್ ಎಂಬ ಹಳೆಯ ಬಗೆಯ ನಕ್ಷೆ ಫೈಲಾಗಿ ಉಳಿಸಿದ್ದೆವು. ಕಾಲಂ ಹೆಸರುಗಳೆಲ್ಲ ಅರ್ಧಕ್ಕೆ ತುಂಡಾದವು. ಶೇಪ್‌ಫೈಲಿನಲ್ಲಿ ಕಾಲಂ ಹೆಸರಿಗೆ ಜಾಗ 10 ಬೈಟ್. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು. ‘ಬಾವಿ’ ಅಂದರೆ ಬ, ದೀರ್ಘ, ವ, ಗುಡಿಸು. ನಾಲ್ಕು ಗುರುತು, 12 ಬೈಟ್. ‘ಬಾವಿ’ ಎಂಬ ಎರಡಕ್ಷರಕ್ಕೂ ಅಲ್ಲಿ ಜಾಗವಿಲ್ಲ! ಮೇಲಾಗಿ ಶೇಪ್‌ಫೈಲ್ ಅಂದರೆ ಒಂದು ಫೈಲಲ್ಲ, ಒಂದು ಸಂಸಾರ. ವಾಟ್ಸಾಪಿನಲ್ಲಿ ಕಳಿಸುವಾಗ ಯಾರೋ ಮುಖ್ಯ ಫೈಲು ಮಾತ್ರ ಕಳಿಸುತ್ತಾರೆ, ಚೀಟಿ ಬರೆದಿರುವ ಪಿಆರ್‌ಜೆ ಫೈಲು ಊರಲ್ಲೇ ಉಳಿಯುತ್ತದೆ. ಜಿಯೋಪ್ಯಾಕೇಜಿಗೆ ಬಂದೆವು. ಒಂದೇ ಫೈಲು, ಕನ್ನಡ ಎಷ್ಟುದ್ದ ಬೇಕಾದರೂ ಬರೆಯಬಹುದು, ಪ್ರೊಜೆಕ್ಷನ್ ಒಳಗೇ ಇರುತ್ತದೆ.

ಇನ್ನು ಉಳಿದದ್ದು ಮೇಷ್ಟರ ಟೋಪೋಶೀಟ್. ನನಗೆ ಅದರ ಮೇಲೆಯೇ ಆಸೆ ಜಾಸ್ತಿ. ಹೊಳೆ ಮೊದಲು ಎಲ್ಲಿತ್ತು, ಕುದ್ರುಗಳು ಎಷ್ಟಿದ್ದವು ಎಂಬುದು ಅದರಲ್ಲಿ ಮಾತ್ರ ಸಿಗುತ್ತದೆ. ಹಾಳೆಯ ನಂಬರು 48 ಕೆ 11. ಅಳತೆ 1:50,000. ಉದ್ದಗಲ 15 ಮಿನಿಟ್. 13 ಡಿಗ್ರಿ 15 ಮಿನಿಟಿನಿಂದ 13 ಡಿಗ್ರಿ 30 ಮಿನಿಟ್, 74 ಡಿಗ್ರಿ 30 ಮಿನಿಟಿನಿಂದ 74 ಡಿಗ್ರಿ 45 ಮಿನಿಟ್. ಪೂರ್ವದ ಅಂಚು ಉಡುಪಿ ಪೇಟೆಯ ಹತ್ತಿರವೇ ಹಾಯುತ್ತದೆ, ಹಾಗಾಗಿ ಮಲ್ಪೆ ಒಂದು ಹಾಳೆಯಲ್ಲಿ, ಮಣಿಪಾಲ ಪಕ್ಕದ ಹಾಳೆಯಲ್ಲಿ. ನಮ್ಮ ಹಾಳೆಯ ಮುಕ್ಕಾಲು ಭಾಗ ಬರೀ ಸಮುದ್ರ. ಹೆದ್ದಾರಿಗೆ ಈಗಿನ 66 ಅಲ್ಲ, ಹಳೆಯ ನಂಬರು 17 ಇದೆ.

ಐದೈದು ಮಿನಿಟಿಗೆ ಅಚ್ಚಾದ ಗೆರೆಗಳು ಕೂಡುವ 16 ಜಾಗಗಳನ್ನು ಗುರುತಿಸಿ, ಅಕ್ಷಾಂಶ ರೇಖಾಂಶ ಕೊಟ್ಟು, 4326 ಅಂತ ಚೀಟಿ ಅಂಟಿಸಿ ಜಿಯೋರೆಫರೆನ್ಸ್ ಮಾಡಿದೆವು, ಅಂದರೆ ಸ್ಕ್ಯಾನನ್ನು ನಕ್ಷೆಯಲ್ಲಿ ಅದರ ಜಾಗಕ್ಕೆ ಕೂರಿಸಿದೆವು. ಹಾಳೆ ಚೆನ್ನಾಗಿ ಕೂತ ಹಾಗೆ ಕಂಡಿತು. ದೂರದಿಂದ. ಹತ್ತಿರ ಹೋದರೆ 64ರಲ್ಲಿ 23 ಬಾವಿ ಹೊಳೆಯ ನೀರಿನಲ್ಲಿ ಇದ್ದವು.

ಹುಡುಗ ಮಕ್ಕಳ ಫೋನಿನ ಮೇಲೆ ಗೂಬೆ ಕೂರಿಸಿದ. ನಾನು ಬಾವಿಗಳನ್ನು ಬಿಟ್ಟು ಬೇರೆ ಗುರುತು ನೋಡಿದೆ. ಹಾಳೆಯಲ್ಲಿ ಕಲ್ಯಾಣಪುರದ ಮಿಲಾಗ್ರಿಸ್ ಚರ್ಚ್ ಇದೆ, ಎರಡು ದೇವಸ್ಥಾನದ ಕೆರೆ ಇವೆ, ಒಂದು ಹಳೆಯ ರಸ್ತೆ ಕೂಡುವ ಜಾಗ ಇದೆ. ಉಪಗ್ರಹ ಚಿತ್ರದಲ್ಲಿ ಅವೆಲ್ಲ ಎಲ್ಲಿವೆ ಅಂತ ಅಳೆದೆ. ಪ್ರತಿಯೊಂದೂ ಹಾಳೆಯಲ್ಲಿ ಸುಮಾರು 150 ಮೀಟರ್ ದಕ್ಷಿಣಕ್ಕೆ, 90 ಮೀಟರ್ ಪೂರ್ವಕ್ಕೆ ಸರಿದಿತ್ತು. ಎಲ್ಲವೂ ಒಂದೇ ದಿಕ್ಕು, ಒಂದೇ ದೂರ.

ಈ ಕೆಲಸದಲ್ಲಿ ನಾನು ಕಲಿತ ಒಳ್ಳೆಯ ವಿದ್ಯೆ ಏನಾದರೂ ಇದ್ದರೆ ಅದು ತಪ್ಪಿನ ಆಕಾರ ನೋಡುವುದು. ಫೋನ್ ಜಿಪಿಎಸ್ ತಪ್ಪಿದರೆ ಐದು ಹತ್ತು ಮೀಟರ್, ಒಂದೊಂದು ಬಾವಿ ಒಂದೊಂದು ದಿಕ್ಕಿಗೆ. ಮಿನಿಟ್ ದಶಾಂಶದ ಎಡವಟ್ಟು ಕಿಲೋಮೀಟರ್‌ಗಟ್ಟಲೆ. ಚೀಟಿ ತಪ್ಪಿದರೆ ದೇಶವೇ ಬೇರೆ. ಎಲ್ಲವೂ ಸಾಲಾಗಿ, ಒಂದೇ ಕಡೆಗೆ, ನೂರಿನ್ನೂರು ಮೀಟರ್ ಸರಿದಿದ್ದರೆ ಅದು ಡೇಟಮ್, ಅಂದರೆ ಅಕ್ಷಾಂಶ ರೇಖಾಂಶ ಎಣಿಸಲು ಹಿಡಿದ ಭೂಮಿಯ ಮಾದರಿಯೇ ಬೇರೆ.

ಹಳೆಯ ಭಾರತೀಯ ಟೋಪೋಶೀಟುಗಳು ಎವರೆಸ್ಟ್ 1830 ಎಂಬ ಎಲಿಪ್ಸಾಯ್ಡ್ ಮೇಲೆ ನಿಂತಿವೆ. ಜಿಪಿಎಸ್ ನಿಂತಿರುವುದು ಡಬ್ಲ್ಯೂಜಿಎಸ್ 84ರ ಮೇಲೆ. ಎವರೆಸ್ಟ್ ಲೆಕ್ಕದ ಭೂಮಿಯ ಅರ್ಧವ್ಯಾಸ ಅದಕ್ಕಿಂತ 800 ಮೀಟರಿಗೂ ಹೆಚ್ಚು ಚಿಕ್ಕದು. ಅದರ ನಡುಬಿಂದು ಭೂಮಿಯ ನಿಜವಾದ ನಡುಬಿಂದುವಿನಲ್ಲೂ ಇಲ್ಲ, ಭಾರತದ ನೆಲಕ್ಕೆ ಚೆನ್ನಾಗಿ ಒಗ್ಗಲಿ ಅಂತ ಪಕ್ಕಕ್ಕೆ ಸರಿಸಿಟ್ಟದ್ದು. ಹಾಗಾಗಿ ಎರಡೂ ಲೆಕ್ಕದಲ್ಲಿ 13 ಡಿಗ್ರಿ 23 ಮಿನಿಟ್ ಅಂತ ಬರೆದರೂ ನೆಲದ ಮೇಲೆ ಜಾಗ ಬೇರೆ ಬೇರೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಬಂದ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯೂಜಿಎಸ್ 84, ಯುಟಿಎಂನಲ್ಲೇ ಇವೆ, ಅವುಗಳಲ್ಲಿ ಈ ರಗಳೆ ಇಲ್ಲ. ಮೇಷ್ಟರ ಹಾಳೆ ಅದಕ್ಕಿಂತ ಹಳೆಯದು.

ಹುಡುಗ ಪ್ರೊಜೆಕ್ಷನ್ ಪಟ್ಟಿಯಲ್ಲಿ ಹುಡುಕುತ್ತಾ ಹೋದವನು ಕೂಗಿದ. ‘ಸರ್, ಕಲ್ಯಾಣಪುರ 1975 ಅಂತ ಇದೆ! ನಮ್ಮ ಕಲ್ಯಾಣಪುರ!’ ಅವನ ಖುಷಿ ನೋಡಿ ನಿಜ ಹೇಳಲು ಬೇಜಾರಾಯಿತು. ಅದು ಮಧ್ಯಪ್ರದೇಶದ ಸಿರೋಂಜ್ ಹತ್ತಿರದ ಕಲ್ಯಾಣ್‌ಪುರ್ ಗುಡ್ಡ. ಜಾರ್ಜ್ ಎವರೆಸ್ಟ್ ಭಾರತದ ಸರ್ವೆಗೆ ಮೂಲಬಿಂದು ಮಾಡಿಕೊಂಡದ್ದು ಅದನ್ನು. ಇಂಗ್ಲಿಷ್ ಸ್ಪೆಲಿಂಗಿನಲ್ಲಿ ನಮ್ಮದಕ್ಕೆ ಒಂದು ‘ಎಲ್’ ಜಾಸ್ತಿ, ಅಷ್ಟೇ ವ್ಯತ್ಯಾಸ. ಸಮಾಧಾನಕ್ಕೆ ಅವನಿಗೆ ಇನ್ನೊಂದು ಕತೆ ಹೇಳಿದೆ. ಎವರೆಸ್ಟ್‌ಗಿಂತ ಮುಂಚೆ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸರ್ವೆಯರ್ 1802ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿ, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಮಂಗಳೂರಿನ ಕರಾವಳಿ ಮುಟ್ಟಿದ್ದ. 400 ಮೈಲಿ ಅಂದುಕೊಂಡಿದ್ದ ಆ ಎರಡು ಕರಾವಳಿಗಳ ನಡುವಿನ ಅಗಲ 360 ಮೈಲಿ ಅಂತ ಗೊತ್ತಾಯಿತು. ನಮ್ಮದು 175 ಮೀಟರ್, ಅವರದ್ದು 40 ಮೈಲಿ.

ಹುಡುಗನ ಮನಸ್ಸಿನಲ್ಲಿ ಸುಲಭದ ದಾರಿ ಇತ್ತು. ಹಾಳೆಯನ್ನು ಕೈಯಿಂದ ಎಳೆದು, ಬಾವಿಗಳೆಲ್ಲ ನೆಲಕ್ಕೆ ಬರುವವರೆಗೆ ಸರಿಸಿಬಿಡೋಣ ಅಂದ. ನಾನೂ ಮೊದಲೆಲ್ಲ ಹಾಗೆ ಮಾಡಿದವನೇ. ಈ ಸಲ ಬೇಡ ಅಂದೆ. ಅದೇ 16 ಬಿಂದು, ಅವೇ ಸಂಖ್ಯೆ, ಚೀಟಿ ಮಾತ್ರ ಬೇರೆ: ಕಲ್ಯಾಣ್‌ಪುರ್ 1975, ಇಪಿಎಸ್‌ಜಿ 4146. ಅಲ್ಲಿಂದ ಡಬ್ಲ್ಯೂಜಿಎಸ್ 84ಕ್ಕೆ ಬದಲಿಸುವ ಸೂತ್ರವನ್ನು ಕ್ಯೂಜಿಐಎಸ್ ತಾನೇ ತೋರಿಸಿತು. ಒಪ್ಪಿದೆವು. ಹಾಳೆ ವಾಯವ್ಯಕ್ಕೆ ಜಿಗಿದು ಕೂತಿತು. ಚರ್ಚು, ಕೆರೆ, ಕೂಡುರಸ್ತೆ ಎಲ್ಲ ಹತ್ತಿಪ್ಪತ್ತು ಮೀಟರಿನ ಒಳಗೆ ಬಂದವು. ಇದಕ್ಕಿಂತ ಚೆನ್ನಾಗಿ ಬರಬೇಕು ಅಂತ ಹಟ ಮಾಡಬಾರದು. 1:50,000ರ ಕಾಗದದಲ್ಲಿ ಅರ್ಧ ಮಿಲಿಮೀಟರ್ ಗೆರೆ ಅಂದರೆ ನೆಲದ ಮೇಲೆ 25 ಮೀಟರ್.

23 ಬಾವಿಗಳಲ್ಲಿ 20 ದಡ ಹತ್ತಿದವು. ಮೂರು ನೀರಿನಲ್ಲೇ ಉಳಿದವು. ಮೂರೂ ಒಂದೇ ಕುದ್ರುವಿನ ತುದಿಯಲ್ಲಿ, ಹಳೆಯ ದಡದಿಂದ 60, 70 ಮೀಟರ್ ಆಚೆ. ಇಪ್ಪತ್ತು ಮೀಟರಿನ ತಪ್ಪಿಗೆ ಇದು ಜಾಸ್ತಿಯಾಯಿತು. ಉಪಗ್ರಹ ಚಿತ್ರದಲ್ಲಿ ಅದೇ ಜಾಗದಲ್ಲಿ ತೆಂಗಿನ ತೋಟ ಕಾಣುತ್ತಿತ್ತು.

ದೋಣಿಯಲ್ಲಿ ಹೋದೆವು. ಮೂರನೆಯ ಬಾವಿಯ ಮನೆಯ ಅಜ್ಜಿ ಪ್ರಿಂಟ್ ಮಾಡಿದ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅವರ ಮನೆ ಇರುವಲ್ಲಿ ನೀಲಿ ಬಣ್ಣ ಇತ್ತು. ನಾವು ತಪ್ಪಾಗಿದೆ ಅಂತ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ತುಳುವಿನಲ್ಲಿ ಹೇಳಿದರು, ‘ಅವು ದುಂಬು ಸುದೆ ಅತ್ತಾ?’ ಅದು ಮೊದಲು ಹೊಳೆಯೇ ಅಲ್ವಾ ಅಂತ. ಅವರ ಅತ್ತೆಯ ಕಾಲದಲ್ಲಿ ಅಲ್ಲಿ ನೀರಿತ್ತಂತೆ. ಹೊಯ್ಗೆ ಬಂದು ಕೂತಿತು, ಮೇಲೆ ಮಣ್ಣು ಹಾಕಿದರು, ತೆಂಗು ನೆಟ್ಟರು, ಮಕ್ಕಳು ಬೇರೆ ಮನೆ ಮಾಡಿದಾಗ ಬಾವಿ ತೋಡಿದರು.

ಮಕ್ಕಳ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆವು. ನೀರು ಉಪ್ಪಾಗುವ ತಿಂಗಳು ಎಂಬ ಕಾಲಮಿನಲ್ಲಿ ಹೆಚ್ಚಿನ ಬಾವಿಗಳಿಗೆ ಏಪ್ರಿಲ್ ಅಥವಾ ಮೇ ಇತ್ತು. ಆ ಮೂರಕ್ಕೆ ಫೆಬ್ರವರಿ. ಪಂಚಾಯ್ತಿಗೆ ಕೊಟ್ಟ ನಕ್ಷೆಯಲ್ಲಿ ಅವನ್ನು ಕೆಂಪು ಬಣ್ಣದಲ್ಲಿ, ನೀಲಿಯ ಒಳಗೇ ಬಿಟ್ಟಿದ್ದೇವೆ.